ಸಹಾಯ ಬೇಕು: ಈ ಎರಡು ರೇಡಿಯೋ ಲೋಬ್‌ಗಳು ಯಾವ ಗ್ಯಾಲಕ್ಸಿಯವು?

ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ 150 ಮೆಗಾಹರ್ಟ್ಸ್ ಸಮೀಕ್ಷೆಯಲ್ಲಿ ಡಂಬೆಲ್ ಥರದ ಜೋಡಿ ಲೋಬ್ (ಗ್ಯಾಲಕ್ಸಿಯ ನಡುವಿನಿಂದ ಎರಡು ಕಡೆಗೆ ಚಿಮ್ಮಿ, ರೇಡಿಯೋದಲ್ಲಿ ಹೊಳೆಯುವ ಮೋಡಗಳು) ಸಿಕ್ಕಿತು. ತುದಿಯಿಂದ ತುದಿಗೆ ಸುಮಾರು 2 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ, ಅದರಲ್ಲಿ 60 ಆರ್ಕ್‌ಸೆಕೆಂಡ್). ಇವನ್ನು ಉಗುಳಿದ ಗ್ಯಾಲಕ್ಸಿ ಯಾವುದು ಅಂತ ಮೂರು ರಾತ್ರಿಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಆ ಚಿತ್ರದ ರೆಸಲ್ಯೂಷನ್ 25 ಆರ್ಕ್‌ಸೆಕೆಂಡ್, ನಡುವೆ ಬರೀ ಮಸುಕು. 5 ಆರ್ಕ್‌ಸೆಕೆಂಡಿನ ಫಸ್ಟ್ (FIRST) ಎಂಬ ಇನ್ನೊಂದು ರೇಡಿಯೋ ಸಮೀಕ್ಷೆಯಲ್ಲಿ ಲೋಬ್‌ಗಳ ತುದಿ ಹೊಳೆಯುತ್ತವೆ, ಕೋರ್ (ಗ್ಯಾಲಕ್ಸಿಯ ನಡುವಿನ ರೇಡಿಯೋ ಚುಕ್ಕೆ) ಮಾತ್ರ ಕಾಣುವುದಿಲ್ಲ. ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಬೆಳಕಿನ ಚಿತ್ರದ ಮೇಲೆ ಈ ರೇಡಿಯೋ ಚಿತ್ರವನ್ನಿಟ್ಟು ನೋಡಿದರೆ ಎರಡು ಗ್ಯಾಲಕ್ಸಿ. ಒಂದು ಸರಿಯಾಗಿ ಮಧ್ಯದಲ್ಲಿದೆ, ಆದರೆ ಮಂಕು ಚುಕ್ಕೆ. ವೈಸ್ (WISE) ಬಾಹ್ಯಾಕಾಶ ದೂರದರ್ಶಕದ ಇನ್ಫ್ರಾರೆಡ್ ಚಿತ್ರದಲ್ಲೂ ಅಷ್ಟಕ್ಕಷ್ಟೇ. ಇನ್ನೊಂದು ಕೆಂಪಗೆ, ದುಂಡಗೆ, ಒಳ್ಳೇ ಎಲಿಪ್ಟಿಕಲ್ (ಸುರುಳಿ ತೋಳುಗಳಿಲ್ಲದ ಗ್ಯಾಲಕ್ಸಿ). ಆದರೆ ಲೋಬ್‌ಗಳನ್ನು ಸೇರಿಸುವ ಗೆರೆಯ ಮೇಲೆ ಪ್ರಖರ ಲೋಬ್ ಕಡೆಗೆ 12 ಆರ್ಕ್‌ಸೆಕೆಂಡ್ ಸರಿದಿದೆ. ನನ್ನ ಮನಸ್ಸು ಇದಕ್ಕೇ ವಾಲುತ್ತಿದೆ. ಸುಮ್ನೆ ಚೆಂದ ಇದೆ ಅಂತಲೂ ಇರಬಹುದು ಅಲ್ವಾ!

ಕೋರ್ ಕಾಣದಿದ್ದಾಗ ಯಾವುದಕ್ಕೆ ಜಾಸ್ತಿ ತೂಕ ಕೊಡಬೇಕು: ಮಧ್ಯಬಿಂದುವಿಗೋ, ಗ್ಯಾಲಕ್ಸಿಯ ಬಣ್ಣ, ಹೊಳಪಿಗೋ?