577501 ಅವಿಭಾಜ್ಯ ಸಂಖ್ಯೆನಾ? ಭಾಗಿಸಿದಾಗಲೆಲ್ಲ 1 ಉಳಿಯುತ್ತಿದೆ

ದುರ್ಗದವನು:
ನಿನ್ನೆ ಸಂಜೆ ಮನೆಗೆ ಪಾರ್ಸೆಲ್ ಬಂತು. ಏಳನೇ ಕ್ಲಾಸಿನ ಮಗಳು ಕವರಿನ ಮೇಲಿದ್ದ ಚಿತ್ರದುರ್ಗದ ಪಿನ್ ಕೋಡ್ 577501 ನೋಡಿ, "ಅಪ್ಪಾ, ಇದು ಯಾವ ಮಗ್ಗಿಯಲ್ಲಿ ಬರುತ್ತೆ?" ಅಂದಳು. ರಫ್ ನೋಟಿನ ಕೊನೇ ಪುಟದಲ್ಲಿ ಇಬ್ಬರೂ ಭಾಗಿಸುತ್ತಾ ಕೂತೆವು. 2, 3, 5, 7, 11 ಎಲ್ಲದಕ್ಕೂ ಶೇಷ 1. ಆಮೇಲೆ 13ಕ್ಕೆ 2 ಉಳಿಯಿತು, 17ಕ್ಕೆ 11. ಹೀಗೇ 97ರ ತನಕ ಹೋದೆವು, ಒಂದರಲ್ಲೂ ಸರಿಯಾಗಿ ಭಾಗ ಹೋಗಲಿಲ್ಲ. ಹಾಗಾದರೆ ಅವಿಭಾಜ್ಯ ಅಂತ ಹೇಳಬಹುದಾ? ಮೊದಲ ಐದಕ್ಕೂ 1 ಉಳಿದದ್ದು ಯಾಕೆ?

ಬೆಣ್ಣೆದೋಸೆ_ದಾವಣಗೆರೆ:
ಕಾರಣ ಪಕ್ಕದ ಸಂಖ್ಯೆಯಲ್ಲಿದೆ ಸರ್. 577500 ಬಿಡಿಸಿ ನೋಡಿ: 2×2×3×5×5×5×5×7×11. ನೀವು ಹೇಳಿದ ಐದೂ ಅದರಲ್ಲೇ ಇವೆ, ಅದಕ್ಕೆ ಒಂದು ಕೂಡಿಸಿದರೆ ಎಲ್ಲದಕ್ಕೂ ಆ ಒಂದೇ ಉಳಿಯಬೇಕು ಅಲ್ವಾ. 4, 6, 12, 25ಕ್ಕೂ ಹಾಗೇ. ಆದರೆ 97ಕ್ಕೆ ನಿಲ್ಲಿಸಬೇಡಿ. 760×760 ಅಂದರೆ 577600, ಸಂಖ್ಯೆ ಎರಡಾಗಿ ಒಡೆದರೆ ಒಂದು ಭಾಗ 760ಕ್ಕಿಂತ ಚಿಕ್ಕದಿರಲೇಬೇಕು, ಹಾಗಾಗಿ 760ರ ಒಳಗಿನ ಅವಿಭಾಜ್ಯಗಳನ್ನೆಲ್ಲ ನೋಡಿದ ಮೇಲೇ ತೀರ್ಮಾನ. ನಮ್ಮೂರಿನ 577001 ಇಷ್ಟು ಕಾಡಿಸುವುದಿಲ್ಲ, 23ಕ್ಕೇ ಒಡೆಯುತ್ತದೆ: 23×25087.

ಲೆಕ್ಕದ_ಮೇಡಂ:
ಅವಿಭಾಜ್ಯ ಅಲ್ಲ! 271×2131. ಇವೆರಡೂ ಅವಿಭಾಜ್ಯ, ಇನ್ನು ಒಡೆಯುವುದಿಲ್ಲ. 271 ಅನ್ನೋದು 58ನೇ ಅವಿಭಾಜ್ಯ ಸಂಖ್ಯೆ, ಅಂದರೆ ಅದಕ್ಕಿಂತ ಮುಂಚಿನ 57ಕ್ಕೂ ಈ ಸಂಖ್ಯೆ ಬಗ್ಗಲಿಲ್ಲ. ನಿಮ್ಮ ಮಗಳು 97ರ ತನಕ ಕೈಯಲ್ಲೇ ಹೋದದ್ದು ನನಗೆ ತುಂಬಾ ಖುಷಿ ಕೊಟ್ಟಿತು.

271ಕ್ಕೆ ಒಂದು ಸುಲಭದ ದಾರಿ ಇದೆ, ಅವಳಿಗೆ ಹೇಳಿಕೊಡಿ. 99999 = 271×369, ಅಂದರೆ 100000ವನ್ನು 271ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಬಲಗಡೆಯಿಂದ ಐದು ಅಂಕಿ ಕತ್ತರಿಸಿ, ಎಡಗಡೆ ಉಳಿದದ್ದನ್ನು ಅದಕ್ಕೇ ಕೂಡಿಸಿದರೆ ಸಾಕು. 77501 + 5 = 77506, ಅದು 271×286. ಕೂಡಿ ಬಂದದ್ದು 271ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಆಗುತ್ತದೆ.

ಸುಮ್ನೆ_ಓದುಗ:
ಇನ್ನೊಂದು ಮಾತು. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, 13 = 4 + 9 ಥರ. ಇದು ಗಣಿತಜ್ಞ ಫರ್ಮಾ ಹೇಳಿದ್ದು, ಆಮೇಲೆ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ್ದು. 577501ಕ್ಕೂ 4ರಲ್ಲಿ 1 ಉಳಿಯುತ್ತದೆ, ಆದರೆ ಇದನ್ನು ಹಾಗೆ ಬರೆಯಲು ಆಗುವುದೇ ಇಲ್ಲ. ಯಾಕೆಂದರೆ 271, 2131 ಎರಡಕ್ಕೂ 4ರಲ್ಲಿ 3 ಉಳಿಯುತ್ತದೆ, ಎರಡೂ ಒಂದೊಂದೇ ಸಲ ಬಂದಿವೆ; ಅಂಥ ಅವಿಭಾಜ್ಯ ಪ್ರತಿಯೊಂದೂ ಸಮ ಸಂಖ್ಯೆಯ ಸಲ ಬಂದರೆ ಮಾತ್ರ ಹಾಗೆ ಬರೆಯಲು ಆಗುತ್ತದೆ. ಹೊರಗೆ ಕಾಣುವ 1 ಒಳಗಿನ ಎರಡು 3 ಗುಣಿಸಿ ಬಂದದ್ದು: 9ರಲ್ಲಿ 8 ಕಳೆದರೆ 1.

ದುರ್ಗದವನು:
ಎಲ್ಲರಿಗೂ ಥ್ಯಾಂಕ್ಸ್. ಮಗಳು ನಂಬದೆ ತಾನೇ ಗುಣಿಸಿದಳು. 2131, ಕೆಳಗೆ 149170, ಅದರ ಕೆಳಗೆ 426200. ಕೂಡಿದಾಗ 577501 ಬಂತು, ಅದರ ಸುತ್ತ ಪೆನ್ಸಿಲ್‌ನಲ್ಲಿ ಎರಡು ಸಲ ಗೆರೆ ಎಳೆದಳು. ಈಗ ಅಜ್ಜಿ ಊರು ಹೊಸದುರ್ಗದ 577527 ಹಿಡಿದಿದ್ದಾಳೆ. ಅಂಕಿಗಳ ಮೊತ್ತ 33, ಮೂರರಲ್ಲೇ ಹೋಯಿತು. ಉಳಿದ 192509 ಬಿಡಿಸುತ್ತಾ ಕೂತಿದ್ದಾಳೆ, ದಯವಿಟ್ಟು ಉತ್ತರ ಯಾರೂ ಇಲ್ಲಿ ಹಾಕಬೇಡಿ.