ಮನೆ ಗುಂಪಿನಲ್ಲಿ: ಹೊಸ ಡೆಸ್ಕ್‌ಟಾಪ್ ಬಂದ ದಿನವೇ ಬಿಚ್ಚಬೇಕಾ?

ನಾನು: ಎಲ್ಲರಿಗೂ ಸೇರಿದ ಡೆಸ್ಕ್‌ಟಾಪ್ ಆರ್ಡರ್ ಆಯ್ತು. ಪೇಜಿನ ಫೋಟೊ ಹಾಕಿದ್ದೀನಿ ನೋಡಿ. ಐ5-14400, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಟವರ್ ಕೇಸ್. ಇನ್ನೂ "ಪ್ರೊಸೆಸಿಂಗ್" ಅಂತಲೇ ತೋರಿಸ್ತಿದೆ.

ಭಾವ: 8 ಜಿಬಿ ಸಾಲಲ್ಲ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಜೊತೆಗೊಂದು ದೊಡ್ಡ ಎಕ್ಸೆಲ್ ತೆಗೆದ್ರೆ ರ‍್ಯಾಮ್ ತುಂಬಿ ಎಸ್‌ಎಸ್‌ಡಿ ಮೇಲೆ ಭಾರ ಬೀಳುತ್ತೆ. ಇವತ್ತೇ 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್, 1 ಟಿಬಿ ಎನ್‌ವಿಎಂಇ (ಬೋರ್ಡ್ ಮೇಲೇ ಕೂರೋ ವೇಗದ ಎಸ್‌ಎಸ್‌ಡಿ) ಆರ್ಡರ್ ಮಾಡು. ಬಾಕ್ಸ್ ಬರೋ ಹೊತ್ತಿಗೆ ಕೈಯಲ್ಲಿರುತ್ತೆ. ಬಂದ ದಿನವೇ ಎಲ್ಲ ಹಾಕಿ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡೋಣ.

ಚಿಕ್ಕಪ್ಪ: ಅಳಿಯಂದಿರೇ, ಯಾವ ರ‍್ಯಾಮ್ ಅಂತ ಆರ್ಡರ್ ಮಾಡ್ತೀರಿ? ಪೇಜಲ್ಲಿ ಬರೀ "8 ಜಿಬಿ" ಅಂತಿದೆ. ರ‍್ಯಾಮ್‌ನಲ್ಲಿ ಡಿಡಿಆರ್4, ಡಿಡಿಆರ್5 ಅಂತ ಬೇರೆ ಬೇರೆ ಪೀಳಿಗೆ ಇದೆ. ಈ ಪ್ರೊಸೆಸರ್ ಡಿಡಿಆರ್4 ಜೊತೆಗೂ ಓಡುತ್ತೆ, ಡಿಡಿಆರ್5 ಜೊತೆಗೂ ಓಡುತ್ತೆ. ತೀರ್ಮಾನ ಮಾಡೋದು ಮದರ್‌ಬೋರ್ಡ್. ಒಂದೇ ಹೆಸರಿನ ಡೆಸ್ಕ್‌ಟಾಪ್‌ನಲ್ಲಿ ಎರಡು ಥರದ ಬೋರ್ಡ್ ಇರೋದು ಅಪರೂಪವೇನಲ್ಲ.

ಭಾವ: 14ನೇ ಪೀಳಿಗೆ ಮಾವ, ಡಿಡಿಆರ್5 ಆಗಿರುತ್ತೆ.

ಚಿಕ್ಕಪ್ಪ: ಆಗಿರಬಹುದು. ಆದರೆ "ಇರುತ್ತೆ" ಅನ್ನೋ ನಂಬಿಕೆ ಮೇಲೆ ರ‍್ಯಾಮ್ ತಗೊಳ್ಳೋಕಾಗಲ್ಲ. ಎರಡಕ್ಕೂ 288 ಪಿನ್, ಉದ್ದವೂ ಒಂದೇ, ಸುಮಾರು 133 ಮಿ.ಮೀ. ನಡುವಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿರುತ್ತೆ. ಕೂರ್ತಿಲ್ಲ ಅಂತ ಒತ್ತಿದರೆ ಸ್ಲಾಟ್ ಸೀಳುತ್ತೆ, ಅಲ್ಲಿಗೆ ಬೋರ್ಡೇ ಹೋಯ್ತು. ಸಾಲದ್ದಕ್ಕೆ ಕೆಲವು ಸಣ್ಣ ಕೇಸ್‌ಗಳಲ್ಲಿ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ ಹಾಕಿರ್ತಾರೆ. ಇದು ಟವರ್, ಆ ಸಾಧ್ಯತೆ ಕಡಿಮೆ. ಆದರೂ ನೋಡದೆ ಹೇಳೋಕಾಗಲ್ಲ.

ಅಣ್ಣ: ಚಿಕ್ಕಪ್ಪ ಹೇಳೋದು ಸರಿ. ಇನ್ನೊಂದು ವಿಷಯ. ಡೆಸ್ಕ್‌ಟಾಪ್ ತಡ ಆಗ್ತಾ ಹೋದರೆ, ಮೊದಲೇ ಬಂದ ರ‍್ಯಾಮ್‌ನ ವಾಪಸಾತಿ ಅವಧಿ ಬಾಕ್ಸ್ ಕಾಯೋದರಲ್ಲೇ ಮುಗಿಯುತ್ತೆ. ತಪ್ಪು ಸ್ಟಿಕ್ ಅಂತ ಗೊತ್ತಾಗೋ ಹೊತ್ತಿಗೆ ಯಾರೂ ವಾಪಸ್ ತಗೊಳ್ಳಲ್ಲ.

ಅಕ್ಕ: ಇದಕ್ಕೆ ಊಹೆ ಯಾಕೆ? ಆರ್ಡರ್ ಪೇಜಲ್ಲಿ ಪೂರ್ತಿ ಮಾಡೆಲ್ ನಂಬರ್ ಇರುತ್ತಲ್ವಾ? ಅದನ್ನ ಹಾಕಿ ತಯಾರಕರ ವೆಬ್‌ಸೈಟಲ್ಲಿ ಸರ್ವೀಸ್ ಮ್ಯಾನುಯಲ್ ಹುಡುಕು. ಯೂಸರ್ ಗೈಡ್ ಅಲ್ಲ, ಅದರಲ್ಲಿ ವೈರ್ ಎಲ್ಲಿ ಚುಚ್ಚಬೇಕು ಅನ್ನೋದು ಬಿಟ್ಟರೆ ಏನೂ ಇರಲ್ಲ. ಸರ್ವೀಸ್ ಮ್ಯಾನುಯಲ್‌ನಲ್ಲಿ ಬೋರ್ಡಿನ ಚಿತ್ರ, ಸ್ಲಾಟ್, ಸ್ಕ್ರೂ ಅಳತೆ ಎಲ್ಲ ಕೊಟ್ಟಿರ್ತಾರೆ.

ನಾನು: ನಂಬರ್ ಇದೆ ಅಕ್ಕಾ, ಹುಡುಕ್ತೀನಿ.

ಭಾವ: ಹುಡುಕಲಿ. ಆದರೆ ಬಂದ ದಿನವೇ ಹಾಕೋದರಲ್ಲಿ ತಪ್ಪೇನು? ಹೇಗಿದ್ದರೂ ಒಂದು ಸಲ ಬಿಚ್ಚಲೇಬೇಕು. ಮೊದಲು ಎಲ್ಲ ಸೆಟ್ ಮಾಡಿ, ಆಮೇಲೆ ರ‍್ಯಾಮ್ ಬದಲಿಸಿ, ಆಮೇಲೆ ಡಿಸ್ಕ್ ಬದಲಿಸಿ ಅಂದ್ರೆ ಒಂದೇ ಕೆಲಸ ಮೂರು ಸಲ.

ಚಿಕ್ಕಪ್ಪ: ನನ್ನ ತಕರಾರಿರೋದು ಅಲ್ಲೇ. ರ‍್ಯಾಮ್, ಡಿಸ್ಕ್, ವಿಂಡೋಸ್ ಮೂರನ್ನೂ ಒಂದೇ ದಿನ ಬದಲಿಸಿ, ಮಾರನೇ ದಿನ ನೀಲಿ ಪರದೆ ಬಂದರೆ ಯಾವುದರ ತಪ್ಪು ಅಂತ ಹೇಗೆ ಹೇಳ್ತೀರಿ? ಕಾರ್ಖಾನೆಯಿಂದ ಬಂದ ಬೋರ್ಡಿನ ದೋಷವೂ ಇರಬಹುದು, ನೀವು ಹಾಕಿದ ಸ್ಟಿಕ್ಕಿಂದೂ ಇರಬಹುದು. ಮಾರಿದವರು "ನೀವು ಬಿಚ್ಚಿದ್ದೀರಿ" ಅಂತಾರೆ, ರ‍್ಯಾಮ್ ಕೊಟ್ಟವರು "ಬೋರ್ಡ್ ನೋಡಿಸಿ" ಅಂತಾರೆ. ಬಂದದ್ದು ಬಂದ ಹಾಗೇ ಮೂರು ದಿನ ಓಡಲಿ. ಕೆಟ್ಟದ್ದು ಬಂದಿದ್ದರೆ ವಾಪಸಾತಿ ಅವಧಿಯೊಳಗೇ ಗೊತ್ತಾಗಲಿ.

ಭಾವ: ಸುಮ್ಮನೆ ಆನ್ ಮಾಡಿಟ್ಟರೆ ಏನು ಗೊತ್ತಾಗುತ್ತೆ ಮಾವ?

ಚಿಕ್ಕಪ್ಪ: ಸುಮ್ಮನೆ ಅಲ್ಲ. ಕಾಯ್ತಾ ಇರೋ ಈ ದಿನಗಳಲ್ಲಿ ಒಂದು ಪೆನ್‌ಡ್ರೈವ್‌ಗೆ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಹಾಕಿಡಲಿ. ಇನ್ನೊಂದಕ್ಕೆ, ಕನಿಷ್ಠ 8 ಜಿಬಿಯದ್ದಕ್ಕೆ, ವಿಂಡೋಸ್ 11 ಇನ್‌ಸ್ಟಾಲರ್. ಬಾಕ್ಸ್ ಬಂದ ದಿನ ರಾತ್ರಿ ಮೆಮ್‌ಟೆಸ್ಟ್ ಹಚ್ಚಿ ಮಲಗೋದು. ನಾಲ್ಕು ಸುತ್ತು ಮುಗಿದಾಗ ಎರರ್ ಸೊನ್ನೆ ಇರಬೇಕು. ಒಂದೇ ಒಂದು ಬಂದರೂ ವಾಪಸ್. "ಒಂದು ತಾನೇ" ಅನ್ನೋ ಮಾತಿಲ್ಲ, ಆ ಒಂದು ತಪ್ಪು ಬಿಟ್ ಯಾವ ಫೈಲಿಗೆ ಹೋಗಿ ಕೂರುತ್ತೋ ಯಾರಿಗೂ ಗೊತ್ತಾಗಲ್ಲ.

ಮಾರನೇ ದಿನ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ತಂತ್ರಾಂಶ ಹಾಕಿ ಎಸ್‌ಎಸ್‌ಡಿಯ "ಪವರ್ ಆನ್ ಅವರ್ಸ್" ನೋಡೋದು. ಹೊಸದಾದರೆ ಕೆಲವೇ ಗಂಟೆ ಇರಬೇಕು. ನೂರಾರು ಇದ್ದರೆ ಯಾರೋ ಬಳಸಿ ಹಿಂತಿರುಗಿಸಿದ ಪೆಟ್ಟಿಗೆ ಅಂತ ಅನುಮಾನ ಪಡಬೇಕು. ಆಮೇಲೆ ಪ್ರೊಸೆಸರ್‌ಗೆ ಅರ್ಧ ಗಂಟೆ ಪೂರ್ತಿ ಭಾರ ಕೊಟ್ಟು ಶಾಖ ನೋಡೋದು. 100 ಡಿಗ್ರಿ ಮುಟ್ಟಿ ವೇಗ ಇಳೀತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲದೇ ಇರಬಹುದು. ಸಾಗಾಟದಲ್ಲಿ ಕುಲುಕಿ ಕೂಲರ್ ಸಡಿಲ ಆಗೋದುಂಟು.

ಅಣ್ಣ: ಸಾಗಾಟ ಅಂದಾಗ ನೆನಪಾಯ್ತು. ಹೊರಗೆ ಚಳಿಯಿದ್ದು ಪೆಟ್ಟಿಗೆ ಮುಟ್ಟಿದರೆ ತಣ್ಣಗಿದ್ದರೆ ತಕ್ಷಣ ಆನ್ ಮಾಡಬೇಡ. ಬೆಚ್ಚಗಿನ ಕೋಣೆಯ ತೇವ ತಣ್ಣನೆ ಬೋರ್ಡ್ ಮೇಲೆ ಹನಿಗಟ್ಟುತ್ತೆ. ಒಂದೆರಡು ಗಂಟೆ ಹಾಗೇ ಇಡು. ಸೀಲ್ ಒಡೆಯೋದರಿಂದ ಮೊದಲ ಸಲ ಪರದೆ ಬರೋವರೆಗೂ ವಿಡಿಯೊ ಮಾಡ್ಕೋ.

ಭಾವ: ಇದೆಲ್ಲ ಒಪ್ಪಿದೆ. ಆದರೂ 8 ಜಿಬಿ ಒಂಟಿ ಸ್ಟಿಕ್‌ನಲ್ಲಿ ಓಡಿಸೋದು ಆ ಪ್ರೊಸೆಸರ್‌ಗೆ ಅನ್ಯಾಯ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪರದೆಗೂ ಅದೇ ರ‍್ಯಾಮ್. ಡಿಡಿಆರ್5-4800 ಒಂದು ಸ್ಟಿಕ್ ಇದ್ದರೆ ಸೆಕೆಂಡಿಗೆ 38.4 ಜಿಬಿ ಡೇಟಾ ಓಡಾಡುತ್ತೆ, ಎರಡಿದ್ದರೆ 76.8.

ಚಿಕ್ಕಪ್ಪ: ಲೆಕ್ಕ ಸರಿಯಾಗಿದೆ. ಎರಡು ಸ್ಟಿಕ್ ಬೇಡ ಅಂತ ನಾನು ಹೇಳಿಲ್ಲ. ನಾಲ್ಕನೇ ದಿನ ಹಾಕಿ ಅಂತಿದ್ದೀನಿ.

ಅಕ್ಕ: ಹಾಗಿದ್ದರೆ ಈಗಿರೋ 8ಕ್ಕೆ ಇನ್ನೊಂದು 8 ಸೇರಿಸಿದರೆ ಸಾಕಲ್ವಾ? 16 ಆಗುತ್ತೆ, ಇರೋದನ್ನ ಎಸೆಯೋದೂ ತಪ್ಪುತ್ತೆ.

ಅಣ್ಣ: 16 ಸೇರಿಸಿ 24 ಮಾಡಿದರೂ ನಡೆಯುತ್ತೆ ಅಕ್ಕಾ. ಅಳತೆ ಬೇರೆ ಬೇರೆ ಇದ್ದರೆ ಬೋರ್ಡ್ ಎರಡು ಸ್ಟಿಕ್‌ನಿಂದಲೂ 8, 8 ತಗೊಂಡು ಜೋಡಿಯಾಗಿ ಓಡಿಸುತ್ತೆ, ಉಳಿದ 8 ಒಂಟಿಯಾಗಿ ಓಡುತ್ತೆ. ಪರವಾಗಿಲ್ಲ ಅನ್ನೋ ಮಟ್ಟಕ್ಕೆ ಇರುತ್ತೆ.

ಭಾವ: 8ರ ಸ್ಟಿಕ್ ಇಟ್ಟುಕೊಳ್ಳೋದೇ ಬೇಡ ಅಂತೀನಿ, ಕಾರಣ ಇದೆ. ಡಿಡಿಆರ್5ನ 8 ಜಿಬಿ ಸ್ಟಿಕ್‌ನಲ್ಲಿ ಸಾಮಾನ್ಯವಾಗಿ ನಾಲ್ಕೇ ಚಿಪ್ ಇರುತ್ತೆ, 16ರದ್ದರಲ್ಲಿ ಎಂಟು. ನಾಲ್ಕು ಚಿಪ್ಪಿನದ್ದಕ್ಕೆ ಬ್ಯಾಂಕ್ ಗ್ರೂಪ್ (ಚಿಪ್ಪಿನೊಳಗೆ ಡೇಟಾ ಇಡೋ ವಿಭಾಗಗಳು) ಅರ್ಧ, ಹಾಗಾಗಿ ಅದೇ 4800 ಅಂತ ಬರೆದಿದ್ದರೂ ಸ್ವಲ್ಪ ನಿಧಾನ. 16ರ ಎರಡು, ಒಂದೇ ಪ್ಯಾಕಿನದ್ದು. ನಾನು ಇದರಲ್ಲಿ ಬಗ್ಗಲ್ಲ.

ಚಿಕ್ಕಪ್ಪ: ಆ ಮಾತು ಸರಿ. ಹಾಗಂತ 6000, 6400 ಅಂತ ಮೇಲಿನದ್ದಕ್ಕೆ ಹೋಗಬೇಡಿ. ಈ ಪ್ರೊಸೆಸರ್‌ಗೆ ಇಂಟೆಲ್ ಹೇಳಿರೋ ಮಿತಿ 4800. ಸಿದ್ಧ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದ್ರೆ ರ‍್ಯಾಮ್ ವೇಗ ಏರಿಸೋ ಆಯ್ಕೆ ಬಹಳ ಸಲ ಇರೋದೇ ಇಲ್ಲ. 5600 ಹಾಕಿದರೆ 4800ಕ್ಕೆ ಇಳಿದು ಓಡುತ್ತೆ, ನಷ್ಟ ಇಲ್ಲ, ಲಾಭವೂ ಇಲ್ಲ.

ನಾನು: ಮ್ಯಾನುಯಲ್ ಸಿಕ್ತು! ಡಿಡಿಆರ್5, ಉದ್ದ ಸ್ಟಿಕ್, 2 ಸ್ಲಾಟ್, ಗರಿಷ್ಠ 64 ಜಿಬಿ. ಎಂ.2 ಸ್ಲಾಟ್ (ಬೋರ್ಡ್ ಮೇಲೆ ತೆಳ್ಳನೆ ಕಾರ್ಡ್ ಕೂರೋ ಜಾಗ) 2. ಸಾಟಾ ಪೋರ್ಟ್ (ಕೇಬಲ್‌ನಿಂದ ಡಿಸ್ಕ್ ಜೋಡಿಸೋ ಜಾಗ) 2. ಪವರ್ ಸಪ್ಲೈ 260 ವ್ಯಾಟ್.

ಭಾವ: ನೋಡಿದ್ರಾ ಮಾವ, ಡಿಡಿಆರ್5! ಎಂ.2 ಕೂಡ ಎರಡಿದೆ. 1 ಟಿಬಿ ಎನ್‌ವಿಎಂಇ ಎರಡನೇದರಲ್ಲಿ ಕೂರುತ್ತೆ.

ಅಣ್ಣ: ತಡೀರಿ ಭಾವ. ಎರಡನೇದರ ಅಳತೆ ಏನು ಬರೆದಿದ್ದಾರೆ ನೋಡು. 2280 ಅಂತಿದೆಯಾ, 2230 ಅಂತಿದೆಯಾ?

ನಾನು: ಒಂದು 2280, ಕೀ ಎಂ. ಇನ್ನೊಂದು 2230, ಕೀ ಇ.

ಅಣ್ಣ: ಕೀ ಇ ಅಂದ್ರೆ ವೈಫೈ ಕಾರ್ಡಿನ ಸ್ಲಾಟ್. ಎಸ್‌ಎಸ್‌ಡಿ ಅದರಲ್ಲಿ ಕೂರಲ್ಲ, ಕಚ್ಚೇ ಬೇರೆ. 22 ಅಂದ್ರೆ ಅಗಲ ಮಿ.ಮೀ.ನಲ್ಲಿ, 80 ಅಥವಾ 30 ಉದ್ದ. "ಎಂ.2 ಎರಡು" ಅಂತ ಓದಿ ಎರಡನೇ ಎನ್‌ವಿಎಂಇ ತರಿಸೋದು ತುಂಬ ಜನ ಮಾಡೋ ತಪ್ಪು.

ಭಾವ: ಹಾಗಾದರೆ ಇರೋ 512 ತೆಗೆದು 1 ಟಿಬಿ ಹಾಕೋದು. ಹಳೇ ಡಿಸ್ಕನ್ನ ಹಾಗೇ ನಕಲು, ಅಂದ್ರೆ ಕ್ಲೋನ್, ಮಾಡಿದರಾಯ್ತು.

ಅಕ್ಕ: ರೀ, ಕ್ಲೋನ್‌ಗಿಂತ ಮೊದಲು ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ನೋಡಬೇಕು. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದ ತಕ್ಷಣ ಡ್ರೈವ್ ತಾನಾಗೇ ಎನ್‌ಕ್ರಿಪ್ಟ್ ಆಗಿಬಿಡುತ್ತೆ, ಕೇಳೋದೂ ಇಲ್ಲ. ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿದರೆ, ಸೆಕ್ಯೂರ್ ಬೂಟ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳ್ತಾ ನಿಲ್ಲುತ್ತೆ. ಇದು ಎಲ್ಲರೂ ಬಳಸೋ ಕಂಪ್ಯೂಟರ್. ಯಾರ ಅಕೌಂಟಲ್ಲಿ ಮೊದಲು ಸೈನ್ ಇನ್ ಆಯ್ತೋ ಅವರ ಅಕೌಂಟಲ್ಲಿ ಆ ಕೀ ಇರುತ್ತೆ. ಅವರು ಊರಲ್ಲಿಲ್ಲದಿದ್ದರೆ ಮನೆಯವರ ಫೈಲೆಲ್ಲ ಬೀಗದೊಳಗೆ. ಮೊದಲ ದಿನವೇ ಕೀ ತೆಗೆದು ಕಾಗದದ ಮೇಲೆ ಬರೆದು ಬಿಲ್ ಜೊತೆ ಇಡಲೇಬೇಕು. ಇದು ಮಾತ್ರ ಯಾರೂ ಮರೀಬೇಡಿ, ದಯವಿಟ್ಟು.

ಚಿಕ್ಕಪ್ಪ: ಸರಿಯಾಗಿ ಹೇಳಿದೆ ಕಣಮ್ಮ. ಕ್ಲೋನ್ ಮಾಡೋದಾದರೆ ಎನ್‌ಕ್ರಿಪ್ಷನ್ ಪೂರ್ತಿ ಆಫ್ ಮಾಡಿ, ಡೀಕ್ರಿಪ್ಟ್ ಮುಗಿಯೋವರೆಗೂ ಕಾಯಬೇಕು. ಹೊಸ ಡ್ರೈವನ್ನ ಯುಎಸ್‌ಬಿ ಕೇಸಿನಲ್ಲಿ ಹಾಕಿ ಕ್ಲೋನ್‌ಜಿಲ್ಲಾ ಅನ್ನೋ ತಂತ್ರಾಂಶದಿಂದ ಇಡೀ ಡಿಸ್ಕ್ ನಕಲು ಮಾಡೋದು, ಬರೀ ಸಿ ಡ್ರೈವ್ ಅಲ್ಲ. ವಿಂಡೋಸ್ ಶುರು ಮಾಡೋ ಫೈಲ್ ಇರೋ ಇಎಫ್‌ಐ ಪಾರ್ಟಿಷನ್ ಬಿಟ್ಟುಹೋದರೆ ಬೂಟೇ ಆಗಲ್ಲ. ಹಳೇದು, ಹೊಸದು ಎರಡನ್ನೂ ಒಟ್ಟಿಗೆ ಹಾಕಿಟ್ಟು ವಿಂಡೋಸ್ ಬೂಟ್ ಮಾಡಬಾರದು. ಗುರುತಿನ ಸಂಖ್ಯೆ ಎರಡಕ್ಕೂ ಒಂದೇ ಆಗಿರುತ್ತೆ, ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡಿಬಿಡುತ್ತೆ.

ಅಣ್ಣ: ಇಷ್ಟೆಲ್ಲ ಯಾಕೆ, ಸಾಟಾ ಪೋರ್ಟ್ ಖಾಲಿ ಇದೆಯಲ್ಲ. 1 ಟಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕೋಣ. ವೇಗ ಸೆಕೆಂಡಿಗೆ 550 ಎಂಬಿ ಹತ್ತಿರ ನಿಲ್ಲುತ್ತೆ. ಫೋಟೊ, ಡಾಕ್ಯುಮೆಂಟ್ ಇಡೋಕೆ ಅದು ಧಾರಾಳ ಸಾಕು. ವಿಂಡೋಸ್ ಇರೋ ಎನ್‌ವಿಎಂಇ ಮುಟ್ಟೋದೇ ಬೇಡ. ಸಾಟಾ ಡೇಟಾ ಕೇಬಲ್ ಬೇರೆ ತಗೋಬೇಕು, ಡ್ರೈವ್ ಜೊತೆ ಬರಲ್ಲ. ಎಂ3 ಸ್ಕ್ರೂ ನಾಲ್ಕು. ಪವರ್ ಕೇಬಲ್ ಎಲ್ಲಿಂದ ಬರುತ್ತೆ ಅಂತ ಮ್ಯಾನುಯಲ್‌ನಲ್ಲಿ ನೋಡು, ಇಂಥ ಡೆಸ್ಕ್‌ಟಾಪ್‌ಗಳಲ್ಲಿ ಕೆಲವಕ್ಕೆ ಮದರ್‌ಬೋರ್ಡಿನ ಸಣ್ಣ ಪ್ಲಗ್‌ನಿಂದಲೇ ಬರುತ್ತೆ.

ಭಾವ: ಸರಿ, ಇದಕ್ಕೆ ಒಪ್ಪಿದೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋದಾದರೆ 260 ವ್ಯಾಟ್ ಸಾಕಾ? ಇಲ್ಲದಿದ್ದರೆ ಪವರ್ ಸಪ್ಲೈನೂ ಬದಲಿಸೋಣ.

ಚಿಕ್ಕಪ್ಪ: ಪವರ್ ಸಪ್ಲೈ ಬದಲಿಸೋ ಮಾತು ಬೇಡ. ಅಂಗಡಿಯಲ್ಲಿ ಸಿಗೋ ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈನ ಪ್ಲಗ್ 24 ಪಿನ್. ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಬರೀ 12 ವೋಲ್ಟಿನ, ಕಡಿಮೆ ಪಿನ್ನಿನ ಬೇರೆ ಪ್ಲಗ್ ಇರುತ್ತೆ. ಅಂಗಡಿಯಿಂದ ತಂದದ್ದು ಕೂರಲ್ಲ. ಕಾರ್ಡ್ ಬೇಕಾದರೆ ಸ್ಲಾಟ್‌ನಿಂದಲೇ ವಿದ್ಯುತ್ ತಗೊಳ್ಳೋ ಕಾರ್ಡ್ ನೋಡಿ. ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವ್ಯಾಟ್. ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ 70 ವ್ಯಾಟಿನದ್ದು, ಪವರ್ ಪ್ಲಗ್ ಇಲ್ಲದೆ ಬರುತ್ತೆ. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್ ಬೇಕು, ಅದು ಈ ಪೆಟ್ಟಿಗೆಗಲ್ಲ.

ಭಾವ: ಸಾಟಾ ಪವರ್ ಪ್ಲಗ್ಗನ್ನ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಪ್ಲಗ್ ಮಾಡೋ ಅಡಾಪ್ಟರ್ ಸಿಗುತ್ತೆ ಮಾವ.

ಚಿಕ್ಕಪ್ಪ: ಸಿಗುತ್ತೆ, ಸುಡುತ್ತೆ. ಸಾಟಾ ಪ್ಲಗ್‌ನಲ್ಲಿ 12 ವೋಲ್ಟಿಗೆ ಮೂರೇ ಪಿನ್, ಒಂದೊಂದಕ್ಕೆ 1.5 ಆಂಪ್. ಒಟ್ಟು 54 ವ್ಯಾಟ್. 8 ಪಿನ್ ಪ್ಲಗ್ 150 ವ್ಯಾಟ್‌ವರೆಗೂ ಎಳೆಯಬಹುದು. ಪ್ಲಗ್ ಕರಗಿ ಹೊಗೆ ಬರುತ್ತೆ. ಮಕ್ಕಳು ಕೂರೋ ಜಾಗದಲ್ಲಿ ಇದನ್ನ ನಾನು ಬಿಡಲ್ಲ.

ಭಾವ: ಸರಿ ಮಾವ, ಅಡಾಪ್ಟರ್ ಮಾತು ಬಿಟ್ಟೆ.

ನಾನು: ಈಗಷ್ಟೇ "ಶಿಪ್ಡ್" ಅಂತ ಬಂತು. ರ‍್ಯಾಮ್ ಹಾಕೋವಾಗ ಏನೇನು ನೋಡ್ಕೋಬೇಕು, ಒಂದೇ ಮೆಸೇಜಲ್ಲಿ ಹೇಳಿ.

ಅಣ್ಣ: ಶಟ್‌ಡೌನ್ ಮಾಡಿ ವೈರ್ ಕೀಳು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದ ವಿದ್ಯುತ್ ಹೋಗುತ್ತೆ. ಟವರ್ ಮಲಗಿಸಿ, ಬಣ್ಣ ಬಳಿಯದ ಲೋಹದ ಜಾಗವನ್ನ ಬರಿಗೈಲಿ ಮುಟ್ಟು. ಸ್ಲಾಟ್‌ನ ಕ್ಲಿಪ್ ತೆರೆದು ಕಚ್ಚು ಹೊಂದಿಸಿ, ಎರಡೂ ತುದಿ ಒಂದೊಂದಾಗಿ ಒತ್ತು, "ಟಕ್" ಅಂತ ಕ್ಲಿಪ್ ತಾನಾಗೇ ಮೇಲೇಳಬೇಕು. ಒಂದೇ ಕಡೆ ಕ್ಲಿಪ್ ಇರೋ ಸ್ಲಾಟ್ ಆದರೆ ಕ್ಲಿಪ್ ಇಲ್ಲದ ತುದಿ ಅರ್ಧ ಕೂತು ಮೋಸ ಮಾಡುತ್ತೆ, ಆ ಕಡೆ ಹೊಳೆಯೋ ಪಿನ್ ಕಾಣ್ತಿದ್ದರೆ ಇನ್ನೂ ಕೂತಿಲ್ಲ ಅಂತ ಅರ್ಥ.

ಮುಖ್ಯವಾದ್ದು: ಡಿಡಿಆರ್5 ಬದಲಿಸಿ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತೆ, ಪರದೆ ಕಪ್ಪಗೇ ಇರುತ್ತೆ. ಕೆಲವು ನಿಮಿಷ ಹಿಡೀಬಹುದು. ಬೋರ್ಡ್ ಹೊಸ ಸ್ಟಿಕ್‌ಗೆ ಹೊಂದಿಕೊಳ್ತಾ ಇರುತ್ತೆ. ಗಾಬರಿಯಾಗಿ ಬಟನ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹತ್ತು ನಿಮಿಷ ಆದರೂ ಏನೂ ಬರದಿದ್ದರೆ ಆಗ ಒಂದೇ ಸ್ಟಿಕ್ ಇಟ್ಟು ನೋಡು. ಬಂದ ಮೇಲೆ ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ: ಸ್ಲಾಟ್ 2ರಲ್ಲಿ 2, ಸ್ಪೀಡ್ 4800.

ಭಾವ: ಹಾಗಾದರೆ ಅದೇ ದಿನ ಮತ್ತೆ ಮೆಮ್‌ಟೆಸ್ಟ್. ನಾನೇ ಬಂದು ಕೂರ್ತೀನಿ. ಆದರೆ 16ರ ಎರಡೇ.

ನಾನು: ಬಂದ ರ‍್ಯಾಮ್‌ನ ಮೆಮ್‌ಟೆಸ್ಟ್ ಫಲಿತಾಂಶದ ಫೋಟೊ ಇಲ್ಲಿ ಹಾಕಿ, ಮೂರು ದಿನ ಓಡಿಸಿ, ಆಮೇಲೆ ಆರ್ಡರ್ ಮಾಡ್ತೀನಿ ಭಾವ.

ಚಿಕ್ಕಪ್ಪ: 16ರ ಎರಡೇ ತಗೋ. ಹಳೇ 8ನ್ನ ಹೊಸದರ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಡೆಸ್ಕ್‌ಟಾಪ್ ಬಾಕ್ಸ್‌ನೊಳಗೇ ಇಡು. ವಾರಂಟಿಗೆ ಕಳಿಸೋ ದಿನ ಬಂದರೆ ಅದನ್ನೇ ಹಾಕಿ ಕಳಿಸಬೇಕು. ಬಾಕ್ಸ್, ಥರ್ಮಾಕೋಲ್ ಯಾರೂ ಎಸೆಯಬೇಡಿ.