ಅಪ್‌ಡೇಟ್: ಹಿನ್ನೀರಿನ ಪಕ್ಕದ ಮನೆ, ಗೋಡೆಯ ಬೂಷ್ಟಿಗೆ ಕೊನೆಗೆ ಸುಣ್ಣವೇ ಗತಿ

ಸಾಗರದ ಹತ್ತಿರ ಲಿಂಗನಮಕ್ಕಿ ಹಿನ್ನೀರಿನ ಪಕ್ಕ ನಮ್ಮ ಮನೆ, ಗೋಡೆಗೂ ಬೀರುವಿಗೂ ಬೂಷ್ಟು, ಬ್ಲೀಚಿಂಗ್ ಪೌಡರ್ ಬೇಡ, ಬೇರೆ ಏನಾದರೂ ಹೇಳಿ ಅಂತ ಕೇಳಿದ್ದೆನಲ್ಲ, ಮುಂದೆ ಏನಾಯಿತು ಅಂತ ಹೇಳುತ್ತೇನೆ.

ಗೋಡೆಗೆ ಸುಣ್ಣ ಹೊಡೆಯಿರಿ ಅಂದವರಿಗೆ ದೊಡ್ಡ ನಮಸ್ಕಾರ. ಹಳೇ ಡಿಸ್ಟೆಂಪರ್ ಕೆರೆದು, ಫ್ಯಾನ್ ಹಾಕಿ ಗೋಡೆ ಒಣಗಿಸಿ, ತೆಳ್ಳಗೆ ಸುಣ್ಣ ಬಳಿದೆವು. ಅದರ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ, ಗೋಡೆಯೊಳಗಿನ ತೇವವೂ ಹೊರಗೆ ಹೋಗುತ್ತದೆ. ಇಲ್ಲಿಯವರೆಗೆ ಮತ್ತೆ ಬಂದಿಲ್ಲ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸುಡುತ್ತದೆ.

ಮರದ ಬೀರುವಿಗೆ ಬಿಳಿ ವಿನೆಗರ್ ಸಾಕಾಯಿತು. ಒರೆಸಿ ಒಣಗಿಸಿ, ಗೋಡೆಯಿಂದ ಒಂದು ಗೇಣು ಈಚೆ ಎಳೆದಿಟ್ಟೆವು. ಕಡಪ ಕಲ್ಲಿಗೆ ಮಾತ್ರ ಹಾಕಬೇಡಿ. ಅದು ಸುಣ್ಣಕಲ್ಲಿನ ಜಾತಿ, ಹುಳಿ ತಾಗಿದರೆ ಹೊಳಪು ಹೋಗುತ್ತದೆ.

ವಿನೆಗರ್, ಅಡುಗೆ ಸೋಡಾ ಎರಡನ್ನೂ ಬೆರೆಸಿ ಅಂದಿದ್ದರು. ನೊರೆ ಚೆನ್ನಾಗಿ ಬಂತು, ಅಷ್ಟೇ! ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ ಅಲ್ವಾ. ಅಂಟುವಾಳದ ನೀರು ನೆಲಕ್ಕೆ ಚೆಂದ, ಆದರೆ ಮಾಡಿಟ್ಟರೆ ಅದಕ್ಕೇ ಬೂಷ್ಟು ಹಿಡಿಯುತ್ತದೆ.

ಆಶ್ಚರ್ಯ ಆಗಿದ್ದು ಕಿಟಕಿ ವಿಷಯ. ತೇವಾಂಶ ಅಳೆಯುವ ಮೀಟರ್ ತಂದು ನೋಡಿದರೆ, ಜಡಿಮಳೆಯಲ್ಲಿ ಕಿಟಕಿ ತೆರೆದಷ್ಟೂ ಒಳಗೆ ತೇವ ಜಾಸ್ತಿ. ಈಗ ಹೊಳವಾದಾಗ ಮಾತ್ರ ತೆರೆಯುತ್ತೇವೆ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಮಾತ್ರ ದಿನಾ ಓಡುತ್ತದೆ.

ಬಚ್ಚಲುಮನೆ ಟೈಲ್ಸ್ ಸಂದಿ ಇನ್ನೂ ಕಪ್ಪಗೇ ಇದೆ. ಅದಕ್ಕೆ ಯಾರಿಗಾದರೂ ಏನಾದರೂ ಗೊತ್ತಿದ್ದರೆ ಹೇಳಿ.